ದಾನಕ್ಕೂ ಲೆಕ್ಕ ಬೇಕು

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)





ದಾನದ ಮಹತ್ವದ ಬಗ್ಗೆ ನೀವು ಬೇಕಾದಷ್ಟು ಭಾಷಣಗಳನ್ನು ಕೇಳಿದ್ದೀರಿ. ಇಂದು ನಾನು ಹೇಳಲು ಬಂದಿರುವುದು ದಾನದ ಲೆಕ್ಕದ ಬಗ್ಗೆ. ಒಂದು ಕುಟುಂಬ ತನ್ನ ಸಂಪತ್ತಿನ ಒಂದು ಭಾಗವನ್ನು ಸತ್ಕಾರ್ಯಕ್ಕೆಂದು ಮೀಸಲಿಟ್ಟ ಮೇಲೆ ಅದನ್ನು ಹೇಗೆ ಕಾಯಬೇಕು, ಹೇಗೆ ಹಂಚಬೇಕು ಎಂಬುದೇ ನನ್ನ ವಿಷಯ.

ಮೊದಲಿಗೆ ನಮ್ಮ ಮನೆಯ ಕಥೆಯನ್ನೇ ಹೇಳುತ್ತೇನೆ. ನನ್ನ ಅಜ್ಜ ಪೇಟೆಯಲ್ಲಿದ್ದ ಒಂದು ಅಂಗಡಿಯ ಬಾಡಿಗೆಯನ್ನು ಬಡ ಮಕ್ಕಳ ಫೀಸಿಗೆಂದು ಮೀಸಲಿಟ್ಟು ತೀರಿಕೊಂಡರು. ಆಗ ತಿಂಗಳಿಗೆ 150 ರೂ. ಬಾಡಿಗೆ. ಅದರಿಂದ ಹಲವು ಮಕ್ಕಳು ಓದಿದರು. ಅಂಗಡಿಯಲ್ಲಿದ್ದವರು ನಮ್ಮ ಸಂಬಂಧಿಕರೇ. ಬಾಡಿಗೆ ಹೆಚ್ಚಿಸಿ ಎಂದು ಕೇಳಲು ನನ್ನ ತಂದೆಗೂ ಚಿಕ್ಕಪ್ಪಂದಿರಿಗೂ ಸಂಕೋಚ. ಇಪ್ಪತ್ತೆರಡು ವರ್ಷ ಅದೇ 150 ರೂಪಾಯಿ. ಲೆಕ್ಕದ ಪುಸ್ತಕ ನನ್ನ ಕೈಗೆ ಬಂದಾಗ ಇಡೀ ವರ್ಷದ ಬಾಡಿಗೆ ಒಬ್ಬ ಹುಡುಗಿಯ ಪಿಯುಸಿ ಖರ್ಚಿಗೂ ಸಾಲುತ್ತಿರಲಿಲ್ಲ. ಆ ಹುಡುಗಿ ತನ್ನ ತಾಯಿಯ ಜೊತೆ ನಮ್ಮ ಮನೆಗೆ ಬಂದಿದ್ದಳು. ಈ ವರ್ಷ ಆಗದು ಎಂದು ಹೇಳಿ ಕಳುಹಿಸಿದೆ. ಆಕೆ ಮತ್ತೆ ಕಾಲೇಜಿಗೆ ಹೋಗಲಿಲ್ಲ.

ಗಮನಿಸಿ, ಇಲ್ಲಿ ಯಾರೂ ಹಣ ಕದಿಯಲಿಲ್ಲ. ಎಲ್ಲರೂ ಒಳ್ಳೆಯವರೇ. ಆದರೂ ಅಜ್ಜನ ದಾನ ನಮ್ಮ ಕೈಯಲ್ಲೇ ಸವೆದು ಹೋಯಿತು.

ಇದು ನಮ್ಮೊಬ್ಬರ ಮನೆಯ ಕಥೆಯೇ? ಅಲ್ಲ. 2006ರಲ್ಲಿ ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ಸಮಿತಿಯು ದೇಶದ ವಕ್ಫ್ ಆಸ್ತಿಗಳ ಲೆಕ್ಕವನ್ನು ಮುಂದಿಟ್ಟಿತು. ನೋಂದಾಯಿತ ಆಸ್ತಿಗಳು 4.9 ಲಕ್ಷ. ಭೂಮಿ ಸುಮಾರು 6 ಲಕ್ಷ ಎಕರೆ. ಅಂದಿನ ಮಾರುಕಟ್ಟೆ ಬೆಲೆಯ ಅಂದಾಜು 1.2 ಲಕ್ಷ ಕೋಟಿ ರೂ. ಆದರೆ ವರ್ಷದ ಆದಾಯ ಕೇವಲ 163 ಕೋಟಿ ರೂ. ಸರಿಯಾಗಿ ಬಳಸಿದ್ದರೆ ಶೇ. 10ರ ಲೆಕ್ಕದಲ್ಲಿ ವರ್ಷಕ್ಕೆ 12,000 ಕೋಟಿ ರೂ. ಬರಬಹುದಿತ್ತು ಎಂದು ಸಮಿತಿ ಹೇಳಿತು. ಒತ್ತುವರಿಯ ಬಗ್ಗೆ ನಾವು ಕೂಗಿದ್ದೇವೆ, ಕೂಗಲೇಬೇಕು. ಆದರೆ ಪರಿಷ್ಕರಿಸದೆ ಬಿಟ್ಟ ಬಾಡಿಗೆಗೆ ಯಾರು ಉತ್ತರ ಹೇಳಬೇಕು?

ದಾರಿ ನಮಗೆ ಗೊತ್ತಿಲ್ಲದ್ದೇನೂ ಅಲ್ಲ. ಖೈಬರಿನಲ್ಲಿ ಬೆಲೆಬಾಳುವ ಭೂಮಿ ದೊರೆತಾಗ ಹಝ್ರತ್ ಉಮರ್(ರ) ಅದನ್ನೇನು ಮಾಡಲೆಂದು ಪ್ರವಾದಿ(ಸ)ಯವರಲ್ಲಿ ಕೇಳಿದ ಪ್ರಸಂಗ ನಿಮಗೆ ತಿಳಿದಿದೆ. ಭೂಮಿಯನ್ನು ಮಾರದೆ, ವಾರಸುದಾರರಿಗೆ ಬಿಡದೆ ಉಳಿಸಿಕೊಂಡು, ಅದರ ಫಲವನ್ನು ಬಡವರಿಗೂ ಪ್ರಯಾಣಿಕರಿಗೂ ಹಂಚುವ ವ್ಯವಸ್ಥೆ ಅಲ್ಲಿ ಏರ್ಪಟ್ಟಿತು. ನೋಡಿಕೊಳ್ಳುವವನು ತನ್ನ ಅಗತ್ಯಕ್ಕೆ ತಕ್ಕಷ್ಟನ್ನು ಪಡೆಯಬಹುದು, ಕೂಡಿಟ್ಟುಕೊಳ್ಳುವಂತಿಲ್ಲ. ಮೂಲಧನ, ಆದಾಯ, ಆಡಳಿತ ಖರ್ಚು ಮೂರಕ್ಕೂ ಇದರಲ್ಲಿ ನಿಯಮ ಇದೆ.

ಇದೇ ಲೆಕ್ಕ ದೊಡ್ಡ ಪ್ರಮಾಣದಲ್ಲಿ ಹೇಗೆ ನಡೆಯುತ್ತದೆ ಎಂದು ನೋಡಲು ದೂರ ಹೋಗಬೇಕಾಗಿಲ್ಲ. ಬೆಂಗಳೂರಿನಲ್ಲೇ ಅಜೀಂ ಪ್ರೇಮ್‌ಜಿ ಫೌಂಡೇಶನ್ ಇದೆ. 1945ರಲ್ಲಿ ಮಹಾರಾಷ್ಟ್ರದ ಅಮಳ್ನೇರಿನಲ್ಲಿ ಅಡುಗೆ ಎಣ್ಣೆ ತಯಾರಿಕೆಯಿಂದ ಶುರುವಾದ ಕುಟುಂಬದ ಕಂಪೆನಿಯೇ ಇಂದಿನ ವಿಪ್ರೋ. 1966ರಲ್ಲಿ ತಂದೆ ತೀರಿಕೊಂಡಾಗ 21 ವರ್ಷದ ಪ್ರೇಮ್‌ಜಿ ಅಮೆರಿಕದ ಓದನ್ನು ಅರ್ಧಕ್ಕೆ ಬಿಟ್ಟು ಬಂದು ಅದನ್ನು ವಹಿಸಿಕೊಂಡರು. 2010ರಲ್ಲಿ ಅವರು ಸುಮಾರು 8,846 ಕೋಟಿ ರೂ. ಬೆಲೆಯ ಶೇರುಗಳನ್ನು ದತ್ತಿಗೆ ಕೊಟ್ಟರು. 2019ರ ಮಾರ್ಚ್‌ನಲ್ಲಿ ಇನ್ನೂ ಶೇ. 34ರಷ್ಟು ಶೇರುಗಳ ಆರ್ಥಿಕ ಲಾಭವನ್ನು ಬಿಟ್ಟುಕೊಟ್ಟರು. ಅದರ ಅಂದಿನ ಬೆಲೆ 52,750 ಕೋಟಿ ರೂ. ಒಟ್ಟು ದತ್ತಿ 1,45,000 ಕೋಟಿ ರೂ. ತಲುಪಿತು.

ಇಷ್ಟು ದೊಡ್ಡ ಮೊತ್ತ ಒಂದೇ ವರ್ಷದಲ್ಲಿ ಹಂಚಿಹೋಗಲಿಲ್ಲ ಎಂಬುದನ್ನು ನೀವು ಗಮನಿಸಬೇಕು. ಕೊಟ್ಟದ್ದು ಶೇರು, ಅಂದರೆ ಮರ. ಖರ್ಚಾಗುವುದು ಲಾಭಾಂಶ ಮತ್ತಿತರ ಆದಾಯ, ಅಂದರೆ ಹಣ್ಣು. ಒಂದೇ ಕಂಪೆನಿಯನ್ನು ನಂಬಿ ಕುಳಿತರೆ ಅದಕ್ಕೆ ನಷ್ಟವಾದ ವರ್ಷ ಹಂಚಲು ಏನೂ ಇರುವುದಿಲ್ಲ. ಆದ್ದರಿಂದ ಹಣವನ್ನು ಬೇರೆ ಬೇರೆ ಕಡೆ ತೊಡಗಿಸಲು ಪ್ರೇಮ್‌ಜಿ ಇನ್ವೆಸ್ಟ್ ಎಂಬ ಪ್ರತ್ಯೇಕ ವಿಭಾಗವಿದೆ. ಹಣ ಬೆಳೆಸುವವರು ಬೇರೆ, ಹಂಚುವವರು ಬೇರೆ.

ಹಂಚುವುದರಲ್ಲಿಯೂ ಎರಡು ದಾರಿಗಳಿವೆ. ಒಂದು, ತಾವೇ ಕೆಲಸ ಮಾಡುವುದು. ಯಾದಗಿರಿಯಂತಹ ಹಿಂದುಳಿದ ಜಿಲ್ಲೆಗಳಲ್ಲಿ ಸರಕಾರಿ ಶಾಲೆಯ ಶಿಕ್ಷಕರೊಂದಿಗೆ ಕೆಲಸ, ಬೆಂಗಳೂರಿನ ವಿಶ್ವವಿದ್ಯಾಲಯ ಇವೆಲ್ಲ ಈ ಬಗೆಯವು. ಎರಡನೆಯದು, ಚೆನ್ನಾಗಿ ಕೆಲಸ ಮಾಡುವ ಇತರ ಸಂಸ್ಥೆಗಳಿಗೆ ನೆರವು ಕೊಡುವುದು. ತಪ್ಪಿದಲ್ಲಿ ತಿದ್ದಿಕೊಂಡದ್ದೂ ಉಂಟು. ಆರಂಭದಲ್ಲಿ ಕಂಪ್ಯೂಟರ್ ಮೂಲಕ ಕಲಿಸುವುದಕ್ಕೆ ಒತ್ತು ಕೊಟ್ಟ ಸಂಸ್ಥೆ, ಅದರ ಮಿತಿಯನ್ನು ಕಂಡು ಶಿಕ್ಷಕರ ಕಡೆಗೆ ತಿರುಗಿತು.

2024ರ ಜುಲೈಯಲ್ಲಿ ಅದು ಕರ್ನಾಟಕ ಸರಕಾರದೊಂದಿಗೆ ಒಂದು ಒಪ್ಪಂದ ಮಾಡಿಕೊಂಡಿತು. ಶಾಲಾ ಮಕ್ಕಳಿಗೆ ವಾರದಲ್ಲಿ ಎರಡು ದಿನ ಸಿಗುತ್ತಿದ್ದ ಮೊಟ್ಟೆ ಆರು ದಿನ ಸಿಗುವಂತೆ ಮೂರು ವರ್ಷಗಳಿಗೆ ಸುಮಾರು 1,500 ಕೋಟಿ ರೂ. ನೆರವು. ಎಷ್ಟು ಹಣ, ಎಷ್ಟು ವರ್ಷ, ಯಾರಿಗೆ ಎಂಬುದೆಲ್ಲ ಮೊದಲೇ ಗೊತ್ತು. ಹೆಣ್ಣು ಮಕ್ಕಳೇ, ಇನ್ನೊಂದನ್ನು ನೀವು ಕೇಳಿಸಿಕೊಳ್ಳಿ. ಸರಕಾರಿ ಶಾಲೆ-ಕಾಲೇಜುಗಳಲ್ಲಿ ಹತ್ತನೇ ಮತ್ತು ಹನ್ನೆರಡನೇ ತರಗತಿ ಮುಗಿಸಿ ಪದವಿಗೆ ಸೇರಿದ ವಿದ್ಯಾರ್ಥಿನಿಯರಿಗೆ ವರ್ಷಕ್ಕೆ 30,000 ರೂ. ಕೊಡುವ ವಿದ್ಯಾರ್ಥಿವೇತನವನ್ನು 2025-26ನೇ ಸಾಲಿನಲ್ಲಿ ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳಿಗೆ ವಿಸ್ತರಿಸಲಾಯಿತು. ಈ ನೆರವು ಮೊದಲ ವರ್ಷಕ್ಕೆ ನಿಲ್ಲದೆ ಕೋರ್ಸು ಮುಗಿಯುವವರೆಗೂ ಸಿಗುತ್ತದೆ. ಅರ್ಧದಲ್ಲಿ ನಿಲ್ಲುವ ನೆರವಿನಿಂದ ಮಗುವಿಗೆ ಎಷ್ಟು ಪ್ರಯೋಜನ?

ನಮ್ಮಲ್ಲಿ ಅಷ್ಟು ಕೋಟಿಗಳಿಲ್ಲ ಎಂದು ನೀವು ಹೇಳಬಹುದು. ನಿಜ. ಆದರೆ ಒಂದು ಅಂಗಡಿಗೂ ನಿಯಮಗಳು ಇವೇ. 20 ಲಕ್ಷ ರೂ. ಬೆಲೆಯ ಅಂಗಡಿಯಿಂದ ವರ್ಷಕ್ಕೆ 80,000 ರೂ. ಬಾಡಿಗೆ ಬರುತ್ತದೆ ಎಂದಿಟ್ಟುಕೊಳ್ಳಿ. ತೆರಿಗೆ ವಿನಾಯಿತಿ ಪಡೆದ ಧರ್ಮಾರ್ಥ ಟ್ರಸ್ಟು ಸಾಮಾನ್ಯವಾಗಿ ತನ್ನ ಆದಾಯದ ಕನಿಷ್ಠ ಶೇ. 85ನ್ನು ಉದ್ದೇಶಿತ ಕಾರ್ಯಕ್ಕೆ ಬಳಸಬೇಕು. ಅಂದರೆ 68,000 ರೂ. ಮಕ್ಕಳಿಗೆ. ಉಳಿದ 12,000 ರೂ. ಕಷ್ಟದ ವರ್ಷಕ್ಕೆ ಆಪತ್ತಿನ ನಿಧಿ. ಬಾಡಿಗೆ ಪೇಟೆಯ ದರಕ್ಕೆ ಸರಿಯಾಗಿ ಏರುತ್ತಿದ್ದರೆ ಬೆಲೆಯೇರಿಕೆಗೆ ಹೆದರಬೇಕಾಗಿಲ್ಲ. ಎಂತಹ ಒತ್ತಡ ಬಂದರೂ ಅಂಗಡಿಯನ್ನು ಮಾರಿ ಹಂಚಬಾರದು. ಮಾರಿದರೆ ಈ ವರ್ಷದವರು ಹೊಗಳುತ್ತಾರೆ, ಮುಂದಿನವರಿಗೆ ಏನೂ ಉಳಿಯುವುದಿಲ್ಲ.

ಆ ಹುಡುಗಿಯನ್ನು ಹಿಂದೆ ಕಳುಹಿಸಿದ ವರ್ಷವೇ ನಾವು ಟ್ರಸ್ಟನ್ನು ನೋಂದಾಯಿಸಿದೆವು. ಕುಟುಂಬದ ಹೊರಗಿನ ಇಬ್ಬರನ್ನು ಸೇರಿಸಿಕೊಂಡೆವು. ಬಾಡಿಗೆ ಕರಾರನ್ನು ಮೂರು ವರ್ಷಕ್ಕೊಮ್ಮೆ ಪರಿಷ್ಕರಿಸುವುದೆಂದು ಬರೆದುಕೊಂಡೆವು. ನಮ್ಮ ಸಂಬಂಧಿಕರ ಮಕ್ಕಳ ಅರ್ಜಿ ಬಂದರೆ ನಾವು ಎದ್ದು ಹೊರಗೆ ಹೋಗುತ್ತೇವೆ, ಆ ಇಬ್ಬರು ತೀರ್ಮಾನಿಸುತ್ತಾರೆ. ಅಂಗಡಿಯವರು ಎರಡು ವರ್ಷ ನಮ್ಮೊಂದಿಗೆ ಮಾತು ಬಿಟ್ಟಿದ್ದರು. ಈಗ ವರ್ಷಕ್ಕೆ ಏಳು ಮಕ್ಕಳು ಆ ಬಾಡಿಗೆಯಿಂದ ಓದುತ್ತಿದ್ದಾರೆ.

ಸದಸ್ಯರಲ್ಲಿ ನನ್ನದೊಂದು ವಿನಂತಿ. ನಿಮ್ಮ ಮನೆಯಲ್ಲಿ, ನಿಮ್ಮ ಜಮಾಅತ್‌ನಲ್ಲಿ ಇಂತಹ ಒಂದು ಹಳೆಯ ದಾನ ಇದ್ದರೆ ಈ ವಾರವೇ ಅದರ ಲೆಕ್ಕದ ಪುಸ್ತಕವನ್ನು ತೆರೆದು ನೋಡಿ. ಕಾಮರ್ಸ್ ಓದುತ್ತಿರುವ ವಿದ್ಯಾರ್ಥಿಗಳೇ, ಹಿರಿಯರ ಪಕ್ಕ ಕುಳಿತು ಆ ಲೆಕ್ಕ ಬರೆದುಕೊಡಿ. ನಿಮ್ಮಲ್ಲಿ ಹಲವರು ಯಾರದೋ ದಾನದ ಫಲದಿಂದ ಓದುತ್ತಿದ್ದೀರಿ. ಅದರ ಋಣವನ್ನು ತೀರಿಸಲು ಇದಕ್ಕಿಂತ ಹತ್ತಿರದ ದಾರಿ ಇಲ್ಲ.

ಅಮಾನತ್ತನ್ನು ಕಾಯುವ ಶಕ್ತಿಯನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ ಎಂದು ಪ್ರಾರ್ಥಿಸುತ್ತಾ ನನ್ನ ಮಾತನ್ನು ಮುಗಿಸುತ್ತೇನೆ. ವಸ್ಸಲಾಮ್.