ರಸ್ತೆಯ ಹಕ್ಕು ಮತ್ತು ಬಾರದ ಬಸ್ಸು

(ಮಡಿಕೇರಿಯಲ್ಲಿ ಜರಗಿದ ಕುಟುಂಬ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)





ಈ ಸಭೆ ಹತ್ತೂವರೆಗೆ ಆರಂಭವಾಗಬೇಕಿತ್ತು. ಆರಂಭವಾದದ್ದು ಹನ್ನೊಂದೂಕಾಲಕ್ಕೆ. ಇಂದು ರವಿವಾರ, ಪ್ರವಾಸಿಗರ ವಾಹನಗಳ ಸಾಲಿನಲ್ಲಿ ಸಿಕ್ಕಿಕೊಂಡೆವೆಂದು ನಾವೆಲ್ಲ ಕಾರಣ ಹೇಳಿದೆವು. ಆದರೆ ನಾಪೋಕ್ಲು ಕಡೆಯಿಂದ ಬಸ್ಸಿನಲ್ಲಿ ಬಂದ ಸಹೋದರಿಯರು ಒಂಬತ್ತೂವರೆಗೇ ಇಲ್ಲಿ ಬಂದು ಕುಳಿತಿದ್ದರು. ಆ ಬಸ್ಸು ತಪ್ಪಿದರೆ ಮುಂದಿನದು ಯಾವಾಗ ಬರುತ್ತದೆಂಬ ಭರವಸೆ ಅವರಿಗಿರಲಿಲ್ಲ. ಕಾರಿನಲ್ಲಿ ಬಂದವರು ತಡವಾಗಿ ಬಂದರು, ಬಸ್ಸಿನಲ್ಲಿ ಬಂದವರು ಕಾದರು. ನಾವು ಇಂದು ಹೇಳಬೇಕೆಂದಿರುವುದರ ಅರ್ಧಾಂಶ ಇದರಲ್ಲೇ ಇದೆ.

ಸಂಚಾರ ದಟ್ಟಣೆಯ ಕುರಿತು ನಮ್ಮ ಸಂಸತ್ತಿನಲ್ಲಿ ಚರ್ಚೆ ನಡೆಯುವುದಿಲ್ಲವೆಂದಲ್ಲ. ನಡೆಯುತ್ತದೆ. ಆದರೆ ಅಲ್ಲಿ ಕೇಳಿ ಬರುವ ಹೆಸರುಗಳು ದಿಲ್ಲಿ, ಮುಂಬಯಿ, ಬೆಂಗಳೂರು. 2006ರಲ್ಲಿ ಕೇಂದ್ರ ಸರಕಾರವು ರಾಷ್ಟ್ರೀಯ ನಗರ ಸಾರಿಗೆ ನೀತಿಯನ್ನು ಪ್ರಕಟಿಸಿತು. ವಾಹನಗಳನ್ನು ಸಾಗಿಸುವುದಲ್ಲ, ಜನರನ್ನು ಸಾಗಿಸುವುದು ಯೋಜನೆಯ ಗುರಿಯಾಗಬೇಕೆಂಬುದು ಅದರ ತಿರುಳು. ಇದಕ್ಕಿಂತ ಒಳ್ಳೆಯ ಮಾತು ಬೇರಿಲ್ಲ. 2019ರ ಜುಲೈಯಲ್ಲಿ ಮೋಟಾರು ವಾಹನ ತಿದ್ದುಪಡಿ ಮಸೂದೆಯು ಉಭಯ ಸದನಗಳಲ್ಲಿ ಚರ್ಚೆಗೆ ಬಂದಾಗ ರಾಜ್ಯಗಳ ಅಧಿಕಾರವನ್ನು ಕೇಂದ್ರವು ಕಸಿಯುತ್ತಿದೆಯೆಂದು ವಿರೋಧ ಪಕ್ಷಗಳು ಆಕ್ಷೇಪಿಸಿದವು. ಗಂಭೀರವಾದ ಪ್ರಶ್ನೆಯೇ ಅದು. ಹೊರಗೆ ಮಾತ್ರ ಜನರು ಚರ್ಚಿಸಿದ್ದು ದಂಡದ ಮೊತ್ತವನ್ನು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಕಾಯ್ದೆ ಜಾರಿಯಾಯಿತು, ಕರ್ನಾಟಕ ಸರಕಾರವು ಅವಸರವಸರವಾಗಿ ಹಲವು ದಂಡಗಳನ್ನು ಇಳಿಸಿತು, ಅಲ್ಲಿಗೆ ಚರ್ಚೆ ಮುಗಿಯಿತು. ಬಸ್ಸಿನ ವಿಷಯ ಬಂತೇ? ಸಣ್ಣ ಊರಿನ ವಿಷಯ ಬಂತೇ?

2023ರ ಆಗಸ್ಟ್‌ನಲ್ಲಿ ಕೇಂದ್ರ ಸಚಿವ ಸಂಪುಟವು ಪಿಎಂ ಇ-ಬಸ್ ಸೇವಾ ಯೋಜನೆಗೆ ಒಪ್ಪಿಗೆ ನೀಡಿತು. ಹತ್ತು ಸಾವಿರ ವಿದ್ಯುತ್ ಬಸ್ಸುಗಳು, 57,613 ಕೋಟಿ ರೂಪಾಯಿ. 2011ರ ಜನಗಣತಿಯಂತೆ ಮೂರು ಲಕ್ಷ ಮತ್ತು ಅದಕ್ಕಿಂತ ಹೆಚ್ಚು ಜನಸಂಖ್ಯೆಯಿರುವ ನಗರಗಳಿಗೆ ಇದು ಅನ್ವಯ. ಅದೇ ಜನಗಣತಿಯಲ್ಲಿ ಇಡೀ ಕೊಡಗು ಜಿಲ್ಲೆಯ ಜನಸಂಖ್ಯೆ 5,54,519. ಮಡಿಕೇರಿ ನಗರದ್ದು ಮೂವತ್ತಮೂರು ಸಾವಿರ ಚಿಲ್ಲರೆ. ಈ ಅಳತೆಗೋಲಿನಲ್ಲಿ ನಾವು ಎಂದೂ ನಿಲುಕುವುದಿಲ್ಲ. ಯೋಜನೆಯಲ್ಲಿ ಒಂದು ವಿನಾಯಿತಿ ಇದೆ: ಗುಡ್ಡಗಾಡು ರಾಜ್ಯಗಳು, ಈಶಾನ್ಯ ರಾಜ್ಯಗಳು ಮತ್ತು ಕೇಂದ್ರಾಡಳಿತ ಪ್ರದೇಶಗಳ ರಾಜಧಾನಿಗಳಿಗೆ ಜನಸಂಖ್ಯೆಯ ಮಿತಿ ಇಲ್ಲ. ಇತಿಹಾಸ ಬಲ್ಲ ಹಿರಿಯರಿಗೆ ಇಲ್ಲಿ ನಗು ಬರಬಹುದು. 1956ರ ನವೆಂಬರ್ ಒಂದರವರೆಗೆ ಕೊಡಗು ಒಂದು ಪ್ರತ್ಯೇಕ ರಾಜ್ಯವಾಗಿತ್ತು, ಅದಕ್ಕೊಂದು ವಿಧಾನಸಭೆ ಇತ್ತು, ಮಡಿಕೇರಿ ಅದರ ರಾಜಧಾನಿಯಾಗಿತ್ತು! ಹಳೆಯ ರಾಜ್ಯವನ್ನು ಮರಳಿ ಕೊಡಿರೆಂದು ಕೇಳಲು ನಾವು ಇಲ್ಲಿ ನಿಂತಿಲ್ಲ. ಆದರೆ ಗುಡ್ಡಗಾಡು ರಾಜ್ಯಕ್ಕೆ ಸಲ್ಲುವ ಸೌಲಭ್ಯ ಗುಡ್ಡಗಾಡು ಜಿಲ್ಲೆಗೆ ಏಕೆ ಸಲ್ಲಬಾರದೆಂದು ನಮ್ಮ ಸಂಸದರು ಸದನದಲ್ಲಿ ಎದ್ದು ಕೇಳಬಹುದಲ್ಲವೇ?

ಆ ರಾಜ್ಯದ ಮುಖ್ಯಮಂತ್ರಿಯಾಗಿದ್ದವರು ಸಿ.ಎಂ. ಪೂಣಚ್ಚ. ಅವರು 1967ರಲ್ಲಿ ಮಂಗಳೂರು ಕ್ಷೇತ್ರದಿಂದ ಲೋಕಸಭೆಗೆ ಆಯ್ಕೆಯಾಗಿ ಕೇಂದ್ರದ ರೈಲ್ವೆ ಸಚಿವರಾದರು. ದೇಶದ ರೈಲುಗಳನ್ನು ನೋಡಿಕೊಂಡವರ ತವರು ಜಿಲ್ಲೆಯಲ್ಲಿ ಇಂದಿಗೂ ಒಂದು ರೈಲು ನಿಲ್ದಾಣವಿಲ್ಲ. ಮೈಸೂರು-ಕುಶಾಲನಗರ ಮಾರ್ಗದ ಪ್ರಸ್ತಾಪ ಚುನಾವಣೆಗೊಮ್ಮೆ ಎದ್ದು ಕುಳಿತುಕೊಳ್ಳುತ್ತದೆ. ಕೇರಳದ ಕಡೆಗೆ ಹಳಿ ಹಾಕುವ ಪ್ರಸ್ತಾಪವನ್ನು ಕಾಡು ಮತ್ತು ಆನೆಗಳ ಕಾರಣದಿಂದ ಇಲ್ಲಿನ ಜನರು ವಿರೋಧಿಸಿದ್ದಾರೆ. ಆ ವಿರೋಧದಲ್ಲಿ ಹುರುಳಿದೆಯೆಂದೇ ನಮ್ಮ ಅಭಿಪ್ರಾಯ. 2018ರ ಆಗಸ್ಟ್‌ನಲ್ಲಿ ಮದೆನಾಡು, ಜೋಡುಪಾಲದ ಗುಡ್ಡಗಳು ಜರಿದು ಮಂಗಳೂರು ರಸ್ತೆಯೇ ಕಡಿದು ಹೋದದ್ದನ್ನು ಕಂಡವರು, ಇನ್ನಷ್ಟು ಗುಡ್ಡ ಅಗೆದು ರಸ್ತೆ ಅಗಲ ಮಾಡಿರೆಂದು ಕೇಳಲು ಹಿಂಜರಿಯಬೇಕು.

ಹಾಗಾದರೆ ಏನಾಗುತ್ತಿದೆ? 2023ರ ಮಾರ್ಚ್‌ನಲ್ಲಿ ಬೆಂಗಳೂರು-ಮೈಸೂರು ಹೆದ್ದಾರಿ ಉದ್ಘಾಟನೆಯಾಯಿತು. ಬೆಂಗಳೂರಿನ ಕಾರುಗಳು ಬೇಗನೆ ಮೈಸೂರಿಗೆ ಬಂದು ಬೀಳುತ್ತವೆ, ಅಲ್ಲಿಂದ ಕುಶಾಲನಗರಕ್ಕೆ, ಅಲ್ಲಿಂದ ನಮ್ಮ ಬೀದಿಗಳಿಗೆ. ದೊಡ್ಡ ಕೊಳವೆಯ ನೀರನ್ನು ಚಿಕ್ಕ ಚೆಂಬಿಗೆ ಬಿಟ್ಟಂತೆ. ಅರಸರ ಕಾಲದ ಇಕ್ಕಟ್ಟಿನ ಈ ಬೀದಿಗಳಲ್ಲಿ ಶುಕ್ರವಾರ ಸಂತೆಯೂ ಹೌದು, ಜುಮಾ ಕೂಡ ಹೌದು. ಪ್ರವಾಸಿಗರನ್ನು ದೂರಬೇಡಿ; ನಮ್ಮಲ್ಲಿ ಅನೇಕರ ಅನ್ನ ಅವರಿಂದಲೇ. ಟ್ಯಾಕ್ಸಿ ಓಡಿಸುವವರು, ಹೋಟೆಲಿನವರು, ಸಾಂಬಾರ ಪದಾರ್ಥ ಮಾರುವವರು ನಮ್ಮ ಮಕ್ಕಳೇ. ಸಮಸ್ಯೆ ಅವರು ಬರುವುದಲ್ಲ. ಅವರ ಕಾರಿಗೆ ಸಿಕ್ಕಿದ ರಸ್ತೆ ನಮ್ಮ ಬಸ್ಸಿಗೆ ಸಿಗದಿರುವುದು.

ಸಿದ್ದಾಪುರದ ಆಚೆಗಿನ ತೋಟದ ಲೈನ್‌ಮನೆಯೊಂದರ ತಾಯಿಯೋರ್ವರು ಕೆಲವು ತಿಂಗಳ ಹಿಂದೆ ನಮ್ಮೊಡನೆ ಮಾತನಾಡಿದರು. ಅವರ ಮಗಳು ದ್ವಿತೀಯ ಪಿಯುಸಿಯಲ್ಲಿ ಉತ್ತಮ ಅಂಕ ಪಡೆದಿದ್ದಾಳೆ. ಪದವಿಗೆ ಸೇರಿಸಿದರು. ಬೆಳಗಿನ ಬಸ್ಸು ಬರುತ್ತದೆ. ಸಂಜೆಯದು ಕೆಲವು ದಿನ ಬರುತ್ತದೆ, ಕೆಲವು ದಿನ ಬರುವುದಿಲ್ಲ. ಜನರಿಲ್ಲದ ದಿನ ಟ್ರಿಪ್ ಕಡಿದು ಬಿಡುತ್ತಾರೆ. ದಾರಿಯಲ್ಲಿ ಆನೆಯ ಭಯ. ಎರಡು ಸಲ ಕತ್ತಲಾಯಿತು, ಮೂರನೆಯ ಸಲ ಮಗಳ ತಂದೆ 'ಸಾಕು' ಎಂದರು. ಆ ತಂದೆಯನ್ನು ಸಂಕುಚಿತ ಮನಸ್ಸಿನವನೆಂದು ಜರೆಯುವುದು ಸುಲಭ. ಮುಸ್ಲಿಮರು ಹೆಣ್ಣು ಮಕ್ಕಳನ್ನು ಓದಿಸುವುದಿಲ್ಲವೆಂದು ಪತ್ರಿಕೆಗಳಲ್ಲಿ ಬರೆಯುವುದೂ ಸುಲಭ. ಆ ಮಗಳ ವಿದ್ಯಾಭ್ಯಾಸವನ್ನು ನಿಲ್ಲಿಸಿದ್ದು ಧರ್ಮವಲ್ಲ, ಐದೂಮುಕ್ಕಾಲರ ಬಸ್ಸು.

2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದಾಗ ನಾವೂ ಸಂತೋಷಪಟ್ಟೆವು. ರಾಜ್ಯದ ಮಹಿಳೆಯರಿಗೆ ಸರಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ. ಬಯಲು ಸೀಮೆಯ ಸಹೋದರಿಯರಿಗೆ ಅದರಿಂದಾದ ಪ್ರಯೋಜನ ದೊಡ್ಡದು. ಆದರೆ ಕೊಡಗಿನ ಒಳಭಾಗದ ಅನೇಕ ದಾರಿಗಳಲ್ಲಿ ಓಡುವುದು ಖಾಸಗಿ ಬಸ್ಸುಗಳು. ಅಲ್ಲಿ ಶಕ್ತಿ ಇಲ್ಲ, ಟಿಕೆಟು ಇದೆ. ಖಾಸಗಿ ಬಸ್ಸಿನ ಮಾಲಕರೂ ಸುಖದಲ್ಲಿಲ್ಲ. ಮುಖ್ಯ ರಸ್ತೆಯಲ್ಲಿ ಮಹಿಳಾ ಪ್ರಯಾಣಿಕರು ಸರಕಾರಿ ಬಸ್ಸಿಗೆ ಹೋದರೆ ಲಾಭದ ಟ್ರಿಪ್ ಕೈತಪ್ಪುತ್ತದೆ, ಆಗ ನಷ್ಟದ ಒಳದಾರಿಯ ಟ್ರಿಪ್ ಮೊದಲು ನಿಲ್ಲುತ್ತದೆ. ಉಚಿತ ಬಸ್ಸಿನ ಭಾರವು ಹೀಗೆ ಬಸ್ಸೇ ಇಲ್ಲದ ಊರಿನ ಹೆಣ್ಣುಮಗಳ ಮೇಲೆ ಬೀಳುತ್ತದೆ. ಯೋಜನೆಯನ್ನು ನಿಲ್ಲಿಸಬೇಕೆಂದು ನಾವು ಹೇಳುತ್ತಿಲ್ಲ. ಸರಕಾರಿ ಬಸ್ಸನ್ನು ಒಳಗೆ ಕಳಿಸಿರಿ, ಇಲ್ಲವೇ ಒಳದಾರಿಯ ಖಾಸಗಿ ಬಸ್ಸಿಗೆ ಆ ಹಣವನ್ನು ಭರಿಸಿರಿ.

ಇನ್ನೊಂದು ವಿಷಯ, ಆಂಬುಲೆನ್ಸ್. 2019ರ ಜೂನ್‌ನಲ್ಲಿ ಕೊಡಗಿನ ಯುವಕರು ನಮಗೆ ಸುಸಜ್ಜಿತ ತುರ್ತು ಆಸ್ಪತ್ರೆ ಬೇಕೆಂದು ಸಾಮಾಜಿಕ ಜಾಲತಾಣಗಳಲ್ಲಿ ಅಭಿಯಾನ ನಡೆಸಿದ್ದು ನಿಮಗೆ ನೆನಪಿರಬಹುದು. ಹೃದಯಾಘಾತವಾದರೆ ಮೈಸೂರು ನೂರಿಪ್ಪತ್ತು ಕಿಲೋಮೀಟರ್, ಮಂಗಳೂರು ಇನ್ನೂ ದೂರ. ಅಂತಹ ವಾಹನಕ್ಕೆ ಪಟ್ಟಣದ ಒಳಗೇ ಕಾಲು ಗಂಟೆ ಹೋದರೆ? ಆಂಬುಲೆನ್ಸ್‌ಗೆ ದಾರಿ ಬಿಡದಿದ್ದವರಿಗೆ ಆರು ತಿಂಗಳವರೆಗಿನ ಸೆರೆವಾಸ ಅಥವಾ ಹತ್ತು ಸಾವಿರ ರೂಪಾಯಿ ದಂಡವನ್ನು 2019ರ ತಿದ್ದುಪಡಿ ವಿಧಿಸಿದೆ. ಕಾನೂನಿಗಿಂತ ಬಹಳ ಹಿಂದೆಯೇ ನಮಗೆ ಆದೇಶ ಬಂದಿದೆ.

ಇಲ್ಲಿ ನಾವು ನಮ್ಮ ಕಡೆಗೂ ತಿರುಗಬೇಕಾಗಿದೆ. ದಾರಿಯಲ್ಲಿ ಕುಳಿತುಕೊಳ್ಳಬೇಡಿರೆಂದು ಪ್ರವಾದಿ(ಸ)ರವರು ತಡೆದರು. ಅನಿವಾರ್ಯವೆಂದು ಅನುಚರರು ಹೇಳಿದಾಗ, ಹಾಗಾದರೆ ದಾರಿಗೆ ಅದರ ಹಕ್ಕನ್ನು ಸಲ್ಲಿಸಿರೆಂದರು. ದಾರಿಯಿಂದ ತೊಂದರೆಯ ವಸ್ತುವನ್ನು ಸರಿಸುವುದು ಈಮಾನಿನ ಒಂದು ಶಾಖೆಯೆಂದು ಮದ್ರಸಾದ ಚಿಕ್ಕ ಮಕ್ಕಳೂ ಬಾಯಿಪಾಠ ಹೇಳುತ್ತಾರೆ. ದಾರಿಯ ಅಗಲದ ಬಗ್ಗೆ ತಕರಾರು ಬಂದರೆ ಏಳು ಮೊಳ ಬಿಡಬೇಕೆಂಬ ತೀರ್ಪು ಕೂಡ ಹದೀಸಿನಲ್ಲಿದೆ. ಜುಮಾದ ದಿನ ಮಸೀದಿಯ ಮುಂದೆ ನಾವು ಎಷ್ಟು ಮೊಳ ಬಿಡುತ್ತೇವೆ? ಖುತ್ಬಾದಲ್ಲಿ ಈ ಹದೀಸನ್ನು ಕೇಳುತ್ತಿರುವಾಗಲೇ ಹೊರಗೆ ನಮ್ಮ ಕಾರು ಇನ್ನೊಬ್ಬರ ಗೇಟಿಗೆ ಅಡ್ಡ ನಿಂತಿರುತ್ತದೆ. ಅಡ್ಡ ನಿಲ್ಲಿಸಿದವರಲ್ಲಿ ಈ ಭಾಷಣಕಾರನೂ ಒಮ್ಮೆ ಇದ್ದನೆಂದು ಒಪ್ಪಿಕೊಳ್ಳದೆ ಮುಂದೆ ಹೋಗುವಂತಿಲ್ಲ. ಆ ಮನೆಯ ವೃದ್ಧರು ನಮಾಝ್ ಮುಗಿಯುವವರೆಗೆ ಕಾದು, ಏನೂ ಅನ್ನದೆ ತಮ್ಮ ಸ್ಕೂಟರನ್ನು ಹೊರಗೆ ತೆಗೆದರು. ಬೈದಿದ್ದರೆ ಒಳ್ಳೆಯದಿತ್ತು.

ಮದುವೆಯ ದಿಬ್ಬಣದಲ್ಲಿ ಮೂವತ್ತು ಕಾರು, ಉರೂಸ್ ದಿನಗಳಲ್ಲಿ ರಸ್ತೆಯ ಎರಡೂ ಬದಿ, ಸೈಲೆನ್ಸರ್ ಕಿತ್ತು ಹಾಕಿದ ಹುಡುಗರ ಬೈಕು. ಹೆಚ್ಚು ವಿವರಿಸಬೇಕಿಲ್ಲ. ಆದರೆ ಕಾರಿನ ಸಾಲದ ವಿಷಯವನ್ನು ಬಿಡುವಂತಿಲ್ಲ. ಗಲ್ಫ್‌ನಿಂದ ಬಂದ ಮಗ ನೆರೆಯವನ ಕಾರು ನೋಡಿ, ಬಡ್ಡಿಯ ಸಾಲದಲ್ಲಿ ತಾನೂ ಒಂದನ್ನು ತರುತ್ತಾನೆ. ವಾರದಲ್ಲಿ ಐದು ದಿನ ಅದು ರಸ್ತೆ ಬದಿಯಲ್ಲಿ ಟಾರ್ಪಾಲು ಹೊದ್ದು ಮಲಗಿರುತ್ತದೆ. ಹರಾಮಿನ ಹಣ, ಸಾರ್ವಜನಿಕರ ಜಾಗ. ಒಂದು ಪ್ರಯಾಣದಲ್ಲಿ ಪ್ರವಾದಿ(ಸ)ರವರು, ಹೆಚ್ಚಿನ ಸವಾರಿ ಪ್ರಾಣಿ ಇರುವವರು ಇಲ್ಲದವರಿಗೆ ಅದನ್ನು ಕೊಡಲಿ ಎಂದಿದ್ದರು. ಖಾಲಿ ಸೀಟಿನಲ್ಲಿ ನೆರೆಮನೆಯ ವಿದ್ಯಾರ್ಥಿನಿಯನ್ನು, ಅವಳ ತಾಯಿಯನ್ನು, ಅವರು ಯಾವ ಜಾತಿಯವರಾದರೂ ಸರಿ, ನಮ್ಮ ಮನೆಯ ಹೆಂಗಸರ ಜೊತೆ ಕೂರಿಸಿಕೊಂಡು ಹೋಗಲು ಯಾವ ಸರಕಾರದ ಅಪ್ಪಣೆಯೂ ಬೇಡ.

ಇನ್ನು ಬಸ್ಸಿನ ಕೆಲಸ. ಖಾಸಗಿ ಬಸ್ಸಿಗೆ ಪರ್ಮಿಟ್ ಕೊಡುವುದು ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. ಜಿಲ್ಲಾಧಿಕಾರಿಯವರೇ ಅದರ ಅಧ್ಯಕ್ಷರು. ಪರ್ಮಿಟ್‌ನಲ್ಲಿ ದಾರಿಯೂ ವೇಳೆಯೂ ನಿಗದಿಯಾಗಿರುತ್ತದೆ. ಜನ ಕಡಿಮೆಯೆಂದು ಟ್ರಿಪ್ ಕಡಿಯುವುದು ಪರ್ಮಿಟ್‌ನ ಉಲ್ಲಂಘನೆ. ಅದಕ್ಕೆ ಕ್ರಮ ಕೈಗೊಳ್ಳುವ ಅಧಿಕಾರ ಪ್ರಾಧಿಕಾರಕ್ಕಿದೆ. ಆದರೆ ಯಾವ ದಿನ, ಯಾವ ಊರಿಗೆ, ಎಷ್ಟು ಗಂಟೆಯ ಬಸ್ಸು ಬರಲಿಲ್ಲವೆಂದು ಬರೆದುಕೊಡುವವರಿಲ್ಲ. ಮಸೀದಿ, ದೇವಸ್ಥಾನ, ಚರ್ಚುಗಳವರು ಒಟ್ಟಾಗಿ ಸಹಿ ಹಾಕಿದ ಒಂದು ಮನವಿಗೆ ಇರುವ ತೂಕ, ಒಂದು ಸಮುದಾಯವು ಮಾತ್ರ ಮಾಡುವ ಗಲಾಟೆಗೆ ಇಲ್ಲ. ಬಾರದ ಬಸ್ಸಿಗೆ ಎಲ್ಲರ ಮಕ್ಕಳೂ ಕಾಯುತ್ತಾರೆ.

ಹೊರಗೆ ಬಾಗಿಲ ಬಳಿ ಮೇಜಿನ ಮೇಲೆ ಒಂದು ಪುಸ್ತಕ ಇಟ್ಟಿದ್ದೇವೆ. ನಿಮ್ಮ ಊರು, ಬಸ್ಸಿನ ವೇಳೆ, ಕಳೆದ ತಿಂಗಳು ಅದು ಎಷ್ಟು ದಿನ ಬರಲಿಲ್ಲವೆಂಬುದನ್ನು ಬರೆದು ಹೋಗಿರಿ. ನಾಪೋಕ್ಲಿನ ಸಹೋದರಿಯರು ಮೊದಲು ಬರೆಯಲಿ. ಅವರ ಬಸ್ಸಿಗೆ ಇನ್ನು ಇಪ್ಪತ್ತು ನಿಮಿಷ ಮಾತ್ರ ಇದೆ.