ಉರುಳುವ ಕಲ್ಲುಗಳ ಅರವತ್ತು ವರ್ಷ

ಸಂಗೀತ ಮೇಳಗಳ ಆಯುಸ್ಸು ಸಾಮಾನ್ಯವಾಗಿ ಸಣ್ಣದು. ಅದರಲ್ಲಿಯೂ ಪಶ್ಚಿಮ ದೇಶಗಳ ಜನಪ್ರಿಯ ಸಂಗೀತದಲ್ಲಿ ಹತ್ತು ವರ್ಷ ಒಟ್ಟಿಗೆ ನಿಂತ ಮೇಳವನ್ನು ದೀರ್ಘಾಯು ಎಂದೇ ಎಣಿಸಬೇಕು. ನಾಲ್ವರು ತರುಣರು ಸೇರುತ್ತಾರೆ, ಒಂದೆರಡು ಹಾಡು ಊರೆಲ್ಲ ಹಬ್ಬುತ್ತವೆ, ಹಣ ಬರುತ್ತದೆ, ಹಣದ ಬೆನ್ನಿಗೇ ಮನಸ್ತಾಪ ಬರುತ್ತದೆ, ಮೇಳ ಒಡೆಯುತ್ತದೆ. ಜಗತ್ತನ್ನೇ ಮರುಳುಮಾಡಿದ ಬೀಟಲ್ಸ್ ಮೇಳ ಕೂಡ 1970ರಲ್ಲಿ ಚದುರಿಹೋಯಿತು. ಅವರ ಕಾಲದಲ್ಲಿಯೇ, ಅವರ ನಾಡಿನಲ್ಲಿಯೇ ಹುಟ್ಟಿದ ಮತ್ತೊಂದು ಮೇಳ 1962ರಲ್ಲಿ ಮೊದಲ ಕಚೇರಿ ನಡೆಸಿತು. 2024ರಲ್ಲಿಯೂ ಅಮೆರಿಕದಲ್ಲಿ ಊರಿಂದೂರಿಗೆ ಹೋಗಿ ಕಚೇರಿ ನಡೆಸಿತು. ಆ ಮೇಳದ ಹೆಸರು ರೋಲಿಂಗ್ ಸ್ಟೋನ್ಸ್. ಎಂದರೆ ಉರುಳುವ ಕಲ್ಲುಗಳು.

ಇವರು ಇಷ್ಟು ಕಾಲ ಬಾಳಿದ್ದು ಹೇಗೆ? ದೇಹದ ಕಸುವು, ವ್ಯಾಪಾರದ ಜಾಣತನ, ಅದೃಷ್ಟ ಎಂದು ಜನ ಕಾರಣ ಹೇಳುವುದುಂಟು. ಇವೆಲ್ಲ ಅಷ್ಟಷ್ಟು ನಿಜವೇ. ಆದರೆ ಇವುಗಳಿಗಿಂತ ಆಳವಾದ ಕಾರಣವೊಂದಿದೆಯೆಂದು ನನಗೆ ತೋರುತ್ತದೆ. ಇವರು ರಂಗಕ್ಕೆ ಬಂದದ್ದು ಹೊಸತೊಂದನ್ನು ಕಂಡುಹಿಡಿದವರೆಂದಲ್ಲ, ಶಿಷ್ಯರೆಂದು. ಸಮುದ್ರದಾಚೆಯ ಗುರುಗಳ ವಿದ್ಯೆಯನ್ನು, ಆ ಗುರುಗಳಿಗೆ ತಿಳಿಯದಂತೆಯೇ, ರೆಕಾರ್ಡುಗಳನ್ನು ಮುಂದಿಟ್ಟುಕೊಂಡು ಕಲಿತ ಏಕಲವ್ಯರು ಇವರು. ಗುರುದಕ್ಷಿಣೆಯ ಪ್ರಶ್ನೆ ಇವರನ್ನು ಕೊನೆಯ ತನಕ ಬಿಡಲಿಲ್ಲ.

ಆ ಗುರುಗಳು ಯಾರೆಂಬುದನ್ನು ಮೊದಲು ಹೇಳಬೇಕು. ಅಮೆರಿಕದ ದಕ್ಷಿಣ ಭಾಗದಲ್ಲಿ, ಮಿಸಿಸಿಪಿ ಬಯಲಿನ ಹತ್ತಿಯ ಹೊಲಗಳಲ್ಲಿ ದುಡಿಯುತ್ತಿದ್ದವರು ಕಪ್ಪು ಜನ. ಗುಲಾಮರ ಮಕ್ಕಳು, ಮೊಮ್ಮಕ್ಕಳು. ಅವರ ನಡುವೆ ಬೆಳೆದ ಹಾಡು ಬ್ಲೂಸ್. ಅದರ ಕಟ್ಟು ಬಹಳ ಸರಳ. ಪದ್ಯಕ್ಕೆ ಮೂರು ಸಾಲು. ಮೊದಲನೆಯ ಸಾಲನ್ನೇ ಎರಡನೆಯ ಸಲವೂ ಹಾಡುತ್ತಾರೆ. ಮೂರನೆಯ ಸಾಲು ಅದಕ್ಕೆ ಉತ್ತರ ಕೊಡುತ್ತದೆ. ಸಾಮಾನ್ಯವಾಗಿ ಹನ್ನೆರಡು ಆವರ್ತಗಳಲ್ಲಿ ಪದ್ಯ ಮುಗಿಯುತ್ತದೆ. ಕೆಲವು ಸ್ವರಗಳನ್ನು ನೇರವಾಗಿ ನಿಲ್ಲಿಸದೆ, ತುಸು ಇಳಿಸಿ, ಬಾಗಿಸಿ ಹಿಡಿಯುತ್ತಾರೆ. ಗಮಕದ ಪರಿಚಯವಿರುವ ನಮ್ಮ ಕಿವಿಗೆ ಇದು ಅಷ್ಟೇನೂ ಹೊಸತಲ್ಲ. ಬಡತನ, ಅಗಲಿಕೆ, ಊರು ಬಿಡುವ ಸಂಕಟ, ನಡುನಡುವೆ ಒಂದಿಷ್ಟು ಕುಚೋದ್ಯ, ಇವು ಅದರ ವಸ್ತು.

ಹೊಲ ಬಿಟ್ಟು ಉತ್ತರದ ಕಾರ್ಖಾನೆಯ ಊರುಗಳಿಗೆ ವಲಸೆ ಹೋದ ಜನ ಈ ಹಾಡನ್ನೂ ಜೊತೆಗೆ ಒಯ್ದರು. ಮಡ್ಡಿ ವಾಟರ್ಸ್ ಎಂಬ ಗಾಯಕರು 1943ರಲ್ಲಿ ಶಿಕಾಗೋ ನಗರ ಸೇರಿದರು. ಅಲ್ಲಿನ ಗದ್ದಲದ ಪಾನಗೃಹಗಳಲ್ಲಿ ಸಾದಾ ಗಿಟಾರು ಕೇಳಿಸುವ ಹಾಗಿರಲಿಲ್ಲ. ವಿದ್ಯುತ್ ಗಿಟಾರು ಬಂತು, ಡ್ರಮ್ಮು ಬಂತು, ಹಾಡಿಗೆ ಬಿರುಸು ಬಂತು. ಕಪ್ಪು ಜನರ ರೆಕಾರ್ಡುಗಳನ್ನು ಅಮೆರಿಕದ ವ್ಯಾಪಾರಿಗಳು ಬಹುಕಾಲ ‘ರೇಸ್ ರೆಕಾರ್ಡ್ಸ್’ ಎಂಬ ಬೇರೆ ಪಟ್ಟಿಯಲ್ಲಿಟ್ಟು ಮಾರುತ್ತಿದ್ದರು. 1949ರಲ್ಲಿ ಬಿಲ್‌ಬೋರ್ಡ್ ಎಂಬ ವ್ಯಾಪಾರ ಪತ್ರಿಕೆ ಆ ಹೆಸರನ್ನು ಕೈಬಿಟ್ಟು ‘ರಿದಮ್ ಅಂಡ್ ಬ್ಲೂಸ್’ ಎಂದು ಕರೆಯಿತು. ಹೆಸರೇನೋ ಬದಲಾಯಿತು, ಬಣ್ಣದ ಗೋಡೆ ಅಷ್ಟು ಬೇಗ ಬೀಳಲಿಲ್ಲ.

ಇನ್ನು ಇಂಗ್ಲೆಂಡಿಗೆ ಬರೋಣ. ಲಂಡನ್ನಿಗೆ ಸಮೀಪದ ಡಾರ್ಟ್‌ಫರ್ಡ್ ಎಂಬ ಊರಿನ ರೈಲು ನಿಲ್ದಾಣದಲ್ಲಿ, 1961ರ ಅಕ್ಟೋಬರ್ ತಿಂಗಳಲ್ಲಿ ಒಂದು ದಿನ, ಇಬ್ಬರು ಹುಡುಗರು ಎದುರುಬದುರಾದರು. ಒಬ್ಬ ಮಿಕ್ ಜಾಗರ್, ಅರ್ಥಶಾಸ್ತ್ರದ ಕಾಲೇಜಿನ ವಿದ್ಯಾರ್ಥಿ. ಇನ್ನೊಬ್ಬ ಕೀತ್ ರಿಚರ್ಡ್ಸ್, ಚಿತ್ರಕಲಾ ಶಾಲೆಯವನು. ಪ್ರಾಥಮಿಕ ಶಾಲೆಯಲ್ಲಿ ಜೊತೆಗಿದ್ದು ಅಗಲಿದವರು. ಜಾಗರನ ಕಂಕುಳಲ್ಲಿ ಚಕ್ ಬೆರಿ ಮತ್ತು ಮಡ್ಡಿ ವಾಟರ್ಸ್ ಅವರ ರೆಕಾರ್ಡುಗಳಿದ್ದವು. ಅಂತಹವು ಆಗ ಇಂಗ್ಲೆಂಡಿನ ಅಂಗಡಿಗಳಲ್ಲಿ ಸುಲಭವಾಗಿ ಸಿಕ್ಕುತ್ತಿರಲಿಲ್ಲ. ಶಿಕಾಗೋದ ಚೆಸ್ ಕಂಪನಿಗೆ ಕಾಗದ ಬರೆದು ಅಂಚೆಯಲ್ಲಿ ತರಿಸಿಕೊಳ್ಳಬೇಕಾಗಿತ್ತು. ಹಳೆಯ ಪರಿಚಯ ಆ ತಟ್ಟೆಗಳ ದೆಸೆಯಿಂದ ಗೆಳೆತನವಾಯಿತು.

ಈ ಇಬ್ಬರಿಗೆ ಚೆಲ್ಟನ್‌ಹ್ಯಾಮ್ ಊರಿನ ಬ್ರಯನ್ ಜೋನ್ಸ್ ಜೊತೆಯಾದರು. ಬೆರಳಿಗೆ ಕೊಳವೆ ತೊಟ್ಟು ತಂತಿಯ ಮೇಲೆ ಜಾರಿಸಿ ಗಿಟಾರು ನುಡಿಸುವ ಕ್ರಮ ಅವರಿಗೆ ಸಿದ್ಧಿಸಿತ್ತು. ನಮ್ಮ ಗೋಟುವಾದ್ಯವನ್ನು ನೆನೆದರೆ ಆ ನಾದ ಎಂತಹದೆಂಬುದು ಊಹೆಗೆ ಬರುತ್ತದೆ. ಮಡ್ಡಿ ವಾಟರ್ಸ್ 1950ರಲ್ಲಿ ಹಾಡಿದ ಒಂದು ಹಾಡಿನ ಹೆಸರನ್ನೇ ಮೇಳಕ್ಕೆ ಇಟ್ಟುಕೊಂಡರು. 1962ರ ಜುಲೈ 12ರಂದು ಲಂಡನ್ನಿನ ಮಾರ್ಕೀ ಕ್ಲಬ್ಬಿನಲ್ಲಿ ಮೊದಲ ಕಚೇರಿ. 1963ರ ಜನವರಿಯ ಹೊತ್ತಿಗೆ ಬಾಸ್ ಗಿಟಾರಿಗೆ ಬಿಲ್ ವೈಮನ್, ಡ್ರಮ್ಮಿಗೆ ಚಾರ್ಲಿ ವಾಟ್ಸ್ ಬಂದು ಸೇರಿದ್ದರು.

ಅದೇ ವರ್ಷ ಒಂದು ಸಂಗತಿ ನಡೆಯಿತು. ಮೊದಲಿನಿಂದ ಇದ್ದ ಇಯಾನ್ ಸ್ಟೂವರ್ಟ್ ಒಳ್ಳೆಯ ಪಿಯಾನೋ ವಾದಕರು. ಹೊಸದಾಗಿ ಬಂದ ವ್ಯವಸ್ಥಾಪಕ ಆಂಡ್ರೂ ಓಲ್ಡ್‌ಹ್ಯಾಮರಿಗೆ ಅವರ ಮುಖಚರ್ಯೆ ಹಿಡಿಸಲಿಲ್ಲ. ಚಿತ್ರಗಳಲ್ಲಿ ಒಪ್ಪುವುದಿಲ್ಲವೆಂದು ಮೇಳದಿಂದ ಹೆಸರು ತೆಗೆಸಿದರು. ಬೇರೆಯವರಾಗಿದ್ದರೆ ಮುಖ ತಿರುಗಿಸಿ ನಡೆದುಬಿಡುತ್ತಿದ್ದರು. ಸ್ಟೂವರ್ಟ್ ಹೋಗಲಿಲ್ಲ. ವಾಹನ ನಡೆಸಿದರು, ಸಾಮಾನು ಹೊರಿಸಿದರು, ಬೇಕಾದಾಗ ಪಿಯಾನೋ ನುಡಿಸಿದರು. 1985ರಲ್ಲಿ ತೀರಿಕೊಳ್ಳುವವರೆಗೂ ಜೊತೆಗಿದ್ದರು. ಮೇಳಕ್ಕೆ 1989ರಲ್ಲಿ ಅಮೆರಿಕದ ರಾಕ್ ಸಂಗೀತ ಸಂಸ್ಥೆಯ ಗೌರವ ದೊರೆತಾಗ ಸ್ಟೂವರ್ಟರ ಹೆಸರೂ ಸೇರಿತು. ಹೆಸರು ಅಳಿಸಿದರೂ ಕೆಲಸ ಬಿಡದ ಇಂತಹವರು ಇದ್ದುದರಿಂದಲೂ ಮೇಳ ಉಳಿಯಿತು ಎನ್ನಬೇಕು.

ಮೊದಲ ರೆಕಾರ್ಡು ಹೊರಬಂದದ್ದು 1963ರ ಜೂನಿನಲ್ಲಿ. ಅದು ಚಕ್ ಬೆರಿಯವರ ಹಾಡು. ಮರುವರ್ಷ ಇವರು ಶಿಕಾಗೋಕ್ಕೆ ಹೋಗಿ, ತಮ್ಮ ಗುರುಗಳು ಹಾಡಿದ್ದ ಚೆಸ್ ಕಂಪನಿಯ ಕೋಣೆಯಲ್ಲಿಯೇ ಹಾಡಿದರು. 1964ರ ಡಿಸೆಂಬರಿನಲ್ಲಿ ವಿಲ್ಲಿ ಡಿಕ್ಸನ್ ರಚಿಸಿದ, ಹೌಲಿನ್ ವುಲ್ಫ್ ಹಾಡಿದ್ದ ಅಪ್ಪಟ ಬ್ಲೂಸ್ ಒಂದನ್ನು ಇವರು ಹಾಡಿ ಇಂಗ್ಲೆಂಡಿನ ಪಟ್ಟಿಯ ತುದಿಗೇರಿಸಿದರು. 1965ರ ಮೇ ತಿಂಗಳಲ್ಲಿ ಅಮೆರಿಕದ ಟೆಲಿವಿಷನ್ ಕಾರ್ಯಕ್ರಮವೊಂದಕ್ಕೆ ಕರೆ ಬಂದಾಗ ಹೌಲಿನ್ ವುಲ್ಫ್ ಅವರನ್ನೂ ಕರೆಯಬೇಕೆಂದು ಹಟ ಹಿಡಿದರು. ಬಿಳಿಯರ ಮನೆಮನೆಯ ಪರದೆಯ ಮೇಲೆ ಆ ಕಪ್ಪು ಹಿರಿಯರು ಹಾಡಿದಾಗ, ಕೀರ್ತಿಯ ತುದಿಗೇರುತ್ತಿದ್ದ ಈ ಹುಡುಗರು ಅವರ ಕಾಲ ಬಳಿ ಕುಳಿತು ಕೇಳಿದರು. ತಮ್ಮ ದೇಶದ ಸಂಪತ್ತು ಏನೆಂಬುದನ್ನು ಅಮೆರಿಕದ ಅನೇಕ ತರುಣರು ಇಂಗ್ಲೆಂಡಿನ ಹುಡುಗರಿಂದ ತಿಳಿಯಬೇಕಾಯಿತು. ಮನೆಯ ಹಿತ್ತಲ ಗಿಡ ಮದ್ದಲ್ಲ ಎಂಬ ಮಾತು ಎಲ್ಲ ನಾಡಿಗೂ ಸಲ್ಲುತ್ತದೆ.

ಆ ವೇಳೆಗೆ ಜಾಗರ್ ಮತ್ತು ರಿಚರ್ಡ್ಸ್ ಸ್ವಂತ ಹಾಡುಗಳನ್ನು ಕಟ್ಟಲು ತೊಡಗಿದ್ದರು. 1965ರ ‘ಸ್ಯಾಟಿಸ್‌ಫ್ಯಾಕ್ಷನ್’ ಇವರನ್ನು ಲೋಕಪ್ರಸಿದ್ಧರನ್ನಾಗಿ ಮಾಡಿತು. ಕೀರ್ತಿಯ ಜೊತೆಯಲ್ಲಿ ಕೇಡೂ ಬಂತು. 1967ರಲ್ಲಿ ಮಾದಕ ವಸ್ತುಗಳ ಮೊಕದ್ದಮೆ. ಮೇಲ್ಮನವಿಯಲ್ಲಿ ಸೆರೆವಾಸ ತಪ್ಪಿತು. 1969ರ ಜುಲೈಯಲ್ಲಿ, ಅದೇ ಆಗ ಮೇಳ ಬಿಟ್ಟಿದ್ದ ಬ್ರಯನ್ ಜೋನ್ಸ್ ತಮ್ಮ ಮನೆಯ ಈಜುಕೊಳದಲ್ಲಿ ಮುಳುಗಿ ಸತ್ತರು, ವಯಸ್ಸು ಇಪ್ಪತ್ತೇಳು. ಅದೇ ಡಿಸೆಂಬರಿನಲ್ಲಿ ಕ್ಯಾಲಿಫೋರ್ನಿಯದ ಆಲ್ಟಮಾಂಟ್ ಬಯಲಿನಲ್ಲಿ ಕಚೇರಿ ನಡೆಯುತ್ತಿರುವಾಗಲೇ, ಕಾವಲಿಗೆ ನಿಂತಿದ್ದ ಮೋಟಾರ್‌ಸೈಕಲ್ ಗುಂಪಿನವನ ಇರಿತಕ್ಕೆ ಹದಿನೆಂಟರ ಹುಡುಗನೊಬ್ಬ ಬಲಿಯಾದ. 1980ರ ದಶಕದಲ್ಲಿ ಜಾಗರ್ ಮತ್ತು ರಿಚರ್ಡ್ಸ್ ನಡುವೆ ಮಾತೇ ಹಳಸಿ, 1982ರಿಂದ 1989ರವರೆಗೆ ಮೇಳ ಸಂಚಾರಕ್ಕೇ ಹೊರಡಲಿಲ್ಲ. ಇವುಗಳಲ್ಲಿ ಒಂದೊಂದೂ ಮೇಳವೊಂದನ್ನು ಮುಗಿಸಲು ಸಾಕಾಗಿತ್ತು.

ಮುಗಿಯದೆ ಉಳಿದದ್ದು ನುಡಿಸುವ ಕ್ರಮದಲ್ಲಿದ್ದ ಒಂದು ಗಟ್ಟಿತನದಿಂದ. ಕೀತ್ ರಿಚರ್ಡ್ಸ್ ಗಿಟಾರಿನ ಆರು ತಂತಿಗಳಲ್ಲಿ ದಪ್ಪನೆಯ ಒಂದನ್ನು ತೆಗೆದುಹಾಕಿ, ಉಳಿದ ಐದನ್ನು ಬೆರಳಿಡದೆ ಮೀಟಿದರೂ ಹೊಂದಿ ನುಡಿಯುವಂತೆ ಶ್ರುತಿ ಮಾಡಿಕೊಂಡರು. ಹಿಂದಿನ ಬ್ಲೂಸ್ ಗಾಯಕರು ಬಳಸುತ್ತಿದ್ದ ಶ್ರುತಿಯೇ ಅದು. ಅದರಿಂದ ಹಾಡಿನುದ್ದಕ್ಕೂ ತಂಬೂರಿಯ ನೆನಪು ತರುವ ಒಂದು ಆಧಾರನಾದ ನಿಲ್ಲುತ್ತದೆ. ಇನ್ನು ಡ್ರಮ್ಮು. ರಾಕ್ ಮೇಳಗಳಲ್ಲಿ ಸಾಮಾನ್ಯವಾಗಿ ಡ್ರಮ್ಮೇ ಯಜಮಾನ. ಮಿಕ್ಕವರು ಅದನ್ನು ಹಿಂಬಾಲಿಸುತ್ತಾರೆ. ಇಲ್ಲಿ ಚಾರ್ಲಿ ವಾಟ್ಸ್, ನಮ್ಮ ಮೃದಂಗದ ವಿದ್ವಾಂಸರ ಹಾಗೆ, ರಿಚರ್ಡ್ಸರ ಗಿಟಾರನ್ನು ಕಿವಿಗೊಟ್ಟು ಕೇಳಿ ಹಿಂದೆಯೇ ನಡೆದರು. ಎರಡನೆಯ ಮತ್ತು ನಾಲ್ಕನೆಯ ಎಣಿಕೆಯಲ್ಲಿ ಎಡಗೈ ಪೆಟ್ಟು ಬೀಳುವಾಗ ಬಲಗೈಯನ್ನು ತಾಳದ ತಟ್ಟೆಯಿಂದ ಎತ್ತಿಬಿಡುವುದು ಅವರ ರೂಢಿ. ಆ ಕ್ಷಣದ ಮೌನದಿಂದ ಪೆಟ್ಟು ಇನ್ನಷ್ಟು ಸ್ಪಷ್ಟವಾಗಿ ಕೇಳುತ್ತದೆ. ಜಾಸ್ ಸಂಗೀತವನ್ನು ಪ್ರೀತಿಸಿದ, ಅಚ್ಚುಕಟ್ಟಾಗಿ ಸೂಟು ಧರಿಸುವ ಮಿತಭಾಷಿ ಅವರು. ಸಂಚಾರದಲ್ಲಿ ತಂಗಿದ ಹೋಟೆಲು ಕೋಣೆಗಳ ಮಂಚಗಳ ಚಿತ್ರ ಬರೆದಿಡುವ ಹವ್ಯಾಸ ಅವರಿಗಿತ್ತು. ಸುತ್ತಲಿನವರು ಹಾದಿ ತಪ್ಪಿದಾಗಲೂ ಅವರ ಲಯ ತಪ್ಪಲಿಲ್ಲ. 2021ರ ಆಗಸ್ಟ್ 24ರಂದು, ಎಂಬತ್ತನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು.

ನಮ್ಮ ನಾಡಿಗೂ ಈ ಮೇಳಕ್ಕೂ ಒಂದೆರಡು ಎಳೆಗಳ ಸಂಬಂಧವಿದೆ. 1966ರ ‘ಪೇಂಟ್ ಇಟ್ ಬ್ಲ್ಯಾಕ್’ ಹಾಡಿನಲ್ಲಿ ಬ್ರಯನ್ ಜೋನ್ಸ್ ಸಿತಾರ್ ನುಡಿಸಿದ್ದಾರೆ. ಮೇಳದ ಚಿಹ್ನೆ ಕೆಂಪು ತುಟಿಗಳ ನಡುವೆ ಹೊರಚಾಚಿದ ನಾಲಿಗೆ. ಅದನ್ನು 1970ರಲ್ಲಿ ಬರೆದವರು ಜಾನ್ ಪಾಶ್ ಎಂಬ ಕಲಾ ವಿದ್ಯಾರ್ಥಿ. ಆಗ ಕೊಟ್ಟ ಸಂಭಾವನೆ 50 ಪೌಂಡು. ಜಾಗರ್ ತಮಗೆ ತೋರಿಸಿದ ಕಾಳಿಯ ಚಿತ್ರ ಅದಕ್ಕೆ ಪ್ರೇರಣೆಯಾಯಿತೆಂದು ಪಾಶ್ ಹೇಳಿದ್ದಾರೆ. ಆ ಮೂಲ ಚಿತ್ರವನ್ನು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯ 2008ರಲ್ಲಿ ಕೊಂಡುಕೊಂಡಿತು. 2003ರ ಏಪ್ರಿಲ್ 4ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಈ ಮೇಳ ಹಾಡಿತು. ಮೂರು ದಿನಗಳ ತರುವಾಯ ಮುಂಬಯಿಯಲ್ಲಿ ಹಾಡಿತು.

ಈಗ ಗುರುದಕ್ಷಿಣೆಯ ವಿಷಯ. ಇಲ್ಲಿ ಪೂರ್ತಿ ಹೊಗಳಿಕೆ ಸಲ್ಲದು. 1968ರ ಒಂದು ತಟ್ಟೆಯಲ್ಲಿ ರಾಬರ್ಟ್ ವಿಲ್ಕಿನ್ಸ್ ಎಂಬ ಕಪ್ಪು ಪಾದ್ರಿಯವರ ಹಾಡು ಮೊದಲು ಜಾಗರ್ ಮತ್ತು ರಿಚರ್ಡ್ಸ್ ಹೆಸರಿನಲ್ಲಿ ಅಚ್ಚಾಯಿತು; ಆಮೇಲೆ ತಿದ್ದುಪಡಿಯಾಯಿತು. 1969ರಲ್ಲಿ ಹಾಡಿದ, ರಾಬರ್ಟ್ ಜಾನ್ಸನ್ನರ ಒಂದು ರಚನೆಯ ಹಕ್ಕಿನ ವಿವಾದ 2000ದಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯದವರೆಗೆ ಹೋಯಿತು. ಜಾನ್ಸನ್ನರ ವಾರಸುದಾರಿಕೆಯ ಪಕ್ಷವೇ ಗೆದ್ದಿತು. ಬೆವರು ಸುರಿಸಿ ಹಾಡು ಕಟ್ಟಿದವರು ಬಡವರಾಗಿಯೇ ಸತ್ತು, ಕಲಿತವರು ಸಿರಿವಂತರಾದ ಅನ್ಯಾಯ ಈ ಇಡೀ ಸಂಗೀತದ ಬೆನ್ನಿಗಂಟಿದೆ. ಅದರ ಪಾಲು ಇವರ ಲೆಕ್ಕದಲ್ಲಿಯೂ ಇದೆ.

ಆದರೆ ಗುರುಗಳ ಹೆಸರನ್ನು ಇವರು ಮರೆಯಲೂ ಇಲ್ಲ, ಮರೆಮಾಚಲೂ ಇಲ್ಲ. 1981ರಲ್ಲಿ ಶಿಕಾಗೋದ ಪುಟ್ಟ ಪಾನಗೃಹವೊಂದಕ್ಕೆ ಹೋಗಿ ಮಡ್ಡಿ ವಾಟರ್ಸರ ಪಕ್ಕದಲ್ಲಿ ನಿಂತು ಹಾಡಿದರು. ಹೌಲಿನ್ ವುಲ್ಫರಿಗೆ ಗಿಟಾರು ನುಡಿಸುತ್ತಿದ್ದ ಹ್ಯೂಬರ್ಟ್ ಸಮ್ಲಿನ್ 2011ರಲ್ಲಿ ತೀರಿಕೊಂಡಾಗ ಅಂತ್ಯಕ್ರಿಯೆಯ ವೆಚ್ಚವನ್ನು ಜಾಗರ್ ಮತ್ತು ರಿಚರ್ಡ್ಸ್ ವಹಿಸಿಕೊಂಡರು. 2015ರ ಕೊನೆಯಲ್ಲಿ ಹೊಸ ಹಾಡುಗಳಿಗಾಗಿ ಲಂಡನ್ನಿನ ಸ್ಟುಡಿಯೋ ಸೇರಿದಾಗ ಕೈ ಕುದುರಲೆಂದು ಹಳೆಯ ಬ್ಲೂಸ್ ಒಂದನ್ನು ನುಡಿಸಿದರು. ಅಲ್ಲಿಗೇ ನಿಲ್ಲಿಸಲಾಗದೆ ಮೂರು ದಿನಗಳಲ್ಲಿ ಹನ್ನೆರಡು ಹಾಡು ಮುಗಿಸಿದರು. ಒಂದೂ ಅವರ ಸ್ವಂತದ್ದಲ್ಲ. ಮರುವರ್ಷ ಹೊರಬಂದ ಆ ತಟ್ಟೆಗೆ 2018ರಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂತು.

ಇವರ ದೀರ್ಘಾಯುಸ್ಸಿನ ಗುಟ್ಟು ಇಲ್ಲಿಯೇ ಇದೆಯೆಂದು ನನ್ನ ಭಾವನೆ. ತಾರುಣ್ಯವನ್ನೇ ಬಂಡವಾಳ ಮಾಡಿಕೊಂಡ ಸಂಗೀತಕ್ಕೆ ಮುಪ್ಪು ಬಂದರೆ ದಾರಿಯಿಲ್ಲ. ಬ್ಲೂಸ್ ಹಾಗಲ್ಲ. ಅದರ ಗುರುಗಳು ಮುಪ್ಪಿನವರೆಗೂ ಹಾಡಿದರು. ಬಾಳಿನ ಪೆಟ್ಟು ತಿಂದ ಕಂಠಕ್ಕೆ ಅಲ್ಲಿ ಬೆಲೆ ಹೆಚ್ಚು. ಆ ಪರಂಪರೆಯಲ್ಲಿ ನಿಂತವರಿಗೆ ನರೆತ ತಲೆ ನಾಚಿಕೆಯ ವಿಷಯವಲ್ಲ. 2024ರ ಅಮೆರಿಕ ಸಂಚಾರಕ್ಕೆ ಪೋಷಕರಾಗಿ ನಿಂತದ್ದು ಆ ದೇಶದ ನಿವೃತ್ತರ ದೊಡ್ಡ ಸಂಘವೆಂಬುದನ್ನು ಕೇಳಿ ಹಲವರು ನಕ್ಕರು. ಆಗ ಜಾಗರ್, ರಿಚರ್ಡ್ಸ್ ಇಬ್ಬರಿಗೂ ಎಂಬತ್ತು ವರ್ಷ. ಕಚೇರಿಗಳು ಮಾತ್ರ ತಪ್ಪದೆ ನಡೆದವು.

2023ರ ಅಕ್ಟೋಬರಿನಲ್ಲಿ ಹೊರಬಂದ ‘ಹ್ಯಾಕ್ನಿ ಡೈಮಂಡ್ಸ್’, ಹದಿನೆಂಟು ವರ್ಷಗಳ ಮೇಲೆ ಬಂದ ಅವರ ಸ್ವಂತ ಹಾಡುಗಳ ತಟ್ಟೆ. ಅದರ ಕೊನೆಯ ಹಾಡು ಮಾತ್ರ ಸ್ವಂತದ್ದಲ್ಲ. ಮಡ್ಡಿ ವಾಟರ್ಸರ ಯಾವ ಹಾಡಿನಿಂದ ಮೇಳ ತನ್ನ ಹೆಸರು ಪಡೆಯಿತೋ ಆ ಹಾಡೇ ಅದು. ಡ್ರಮ್ಮಿಲ್ಲ, ಬಾಸ್ ಇಲ್ಲ. ರಿಚರ್ಡ್ಸರ ಒಂದು ಗಿಟಾರು, ಜಾಗರರ ಕಂಠ, ಜೊತೆಗೆ ಬಾಯಲ್ಲಿಟ್ಟು ಊದುವ ಹಾರ್ಮೋನಿಕ. ಡಾರ್ಟ್‌ಫರ್ಡ್ ನಿಲ್ದಾಣದಲ್ಲಿ ರೆಕಾರ್ಡು ನೋಡಿ ಕಣ್ಣರಳಿಸಿದ ಆ ಇಬ್ಬರೇ. ಅನುಕೂಲವಿದ್ದವರು 1950ರ ಆ ಹಾಡನ್ನೂ 2023ರ ಈ ಹಾಡನ್ನೂ ಒಂದಾದ ಮೇಲೊಂದು ಕೇಳಿನೋಡಬಹುದು. ಶಿಷ್ಯರು ಗುರುವನ್ನು ಮೀರಿಸಿದರೆಂದು ಯಾರೂ ಹೇಳಲಾರರು. ಪಾಠವನ್ನು ಮರೆತರೆಂದೂ ಹೇಳಲಾರರು.