ಟ್ರಿಪೊಲಿಯಿಂದ ಬ್ಲೇಡನ್ಸ್‌ಬರ್ಗ್‌ವರೆಗೆ



1803ರ ಅಕ್ಟೋಬರ್ 31. ಉತ್ತರ ಆಫ್ರಿಕದ ಟ್ರಿಪೊಲಿಯೊಡನೆ ಯುದ್ಧದಲ್ಲಿದ್ದ ಅಮೆರಿಕದ ‘ಫಿಲಡೆಲ್ಫಿಯಾ’ ಯುದ್ಧನೌಕೆ ಆ ಊರಿನ ಬಂದರಿನ ಬಳಿ ನೀರೊಳಗಿನ ಬಂಡೆಗೆ ಸಿಕ್ಕಿಬಿತ್ತು. ಅದರಲ್ಲಿದ್ದ 300ಕ್ಕೂ ಹೆಚ್ಚು ಮಂದಿ ಸೆರೆಯಾದರು. ಟ್ರಿಪೊಲಿಯವರು ನೌಕೆಯನ್ನು ತೇಲಿಸಿ ತಂದು ತಮ್ಮ ಕೋಟೆಯ ಫಿರಂಗಿಗಳ ಕಾವಲಿನಲ್ಲಿ ನಿಲ್ಲಿಸಿಕೊಂಡರು. ಅದನ್ನು ಬಿಡಿಸಿ ತರುವುದು ಆಗದ ಮಾತು. ಹಾಗಾಗಿ ಅಮೆರಿಕದ ಪಡೆಯ ಮುಖ್ಯಸ್ಥ ಎಡ್ವರ್ಡ್ ಪ್ರೆಬಲ್ ಅದನ್ನು ಸುಟ್ಟುಬಿಡಲು ಅಪ್ಪಣೆ ಕೊಟ್ಟ. ಕೆಲಸ ಹೊತ್ತವನು 25 ವರ್ಷದ ಲೆಫ್ಟಿನೆಂಟ್ ಸ್ಟೀಫನ್ ಡಿಕೇಟರ್. ಆ ನೌಕೆಯ ಮೊದಲ ಕ್ಯಾಪ್ಟನ್ ಅವನ ತಂದೆಯೇ ಆಗಿದ್ದರು.

1804ರ ಫೆಬ್ರವರಿ 16ರ ರಾತ್ರಿ ಒಂದು ಸಣ್ಣ ಹಾಯಿಹಡಗು ಬಂದರಿನೊಳಕ್ಕೆ ಮೆಲ್ಲನೆ ಬಂತು. ಅದು ಟ್ರಿಪೊಲಿಯವರಿಂದಲೇ ಹಿಡಿದಿದ್ದ ಹಡಗು, ನೋಡಿದವರಿಗೆ ಅನುಮಾನ ಬರುವಂತಿರಲಿಲ್ಲ. ದಾರಿ ತೋರಲು ಬಂದಿದ್ದ ಸಿಸಿಲಿಯ ಸಾಲ್ವಡೋರ್ ಕಟಲಾನೋ ಅರಬ್ಬಿಯಲ್ಲಿ ಕೂಗಿ ಹೇಳಿದ: ಬಿರುಗಾಳಿಗೆ ಲಂಗರು ಕಳೆದುಕೊಂಡಿದ್ದೇವೆ, ಇದೊಂದು ರಾತ್ರಿ ನಿಮ್ಮ ಪಕ್ಕ ಕಟ್ಟಿಕೊಳ್ಳುತ್ತೇವೆ. ಕಾವಲಿನವರು ನಂಬಿ ಹಗ್ಗ ಕೊಟ್ಟರು. ಮರೆಯಲ್ಲಿ ಮಲಗಿದ್ದ ನಾವಿಕರು ಹಗ್ಗ ಎಳೆದು ಹತ್ತಿರವಾದರು, ಕತ್ತಿ ಹಿಡಿದು ಮೇಲೆ ಹಾರಿದರು. ಸದ್ದಿಗೆ ಕೋಟೆ ಎಚ್ಚರವಾದೀತೆಂದು ಬಂದೂಕು ಬಳಸಬಾರದೆಂಬ ಕಟ್ಟಪ್ಪಣೆಯಿತ್ತು. ಸ್ವಲ್ಪ ಹೊತ್ತಿನಲ್ಲೇ ನೌಕೆ ಹೊತ್ತಿ ಉರಿಯುತ್ತಿತ್ತು. ಎಲ್ಲರೂ ಇಳಿದ ಮೇಲೆ ಕೊನೆಗೆ ಇಳಿದವನು ಡಿಕೇಟರ್. ಅವನ ಕಡೆಯ ಒಬ್ಬನೂ ಸಾಯಲಿಲ್ಲ. ಅವನ ಬದುಕಿನ ಅತಿ ದೊಡ್ಡ ಸಾಧನೆ ಇದೇ ಎಂದು ನನ್ನ ಎಣಿಕೆ, ಏಕೆಂದರೆ ಇಲ್ಲಿ ಧೈರ್ಯದಷ್ಟೇ ಸಂಯಮವೂ ಇತ್ತು. ಕ್ಯಾಪ್ಟನ್ ಪದವಿ ಬೇಗನೆ ಬಂತು. 1812ರಲ್ಲಿ ಬ್ರಿಟನ್ನಿನೊಡನೆ ಯುದ್ಧ ಶುರುವಾದಾಗ ಅವನು ಅದರ ‘ಮೆಸಿಡೋನಿಯನ್’ ನೌಕೆಯನ್ನು ಸೆರೆಹಿಡಿದ.

ಇಷ್ಟು ಸಂಯಮದವನ ಸಾವು ಮಾತ್ರ ಮನಸ್ಸಿಗೆ ನೋವು ತರುತ್ತದೆ. 1807ರಲ್ಲಿ ಅಮೆರಿಕದ ‘ಚೆಸಪೀಕ್’ ನೌಕೆಯ ಮೇಲೆ ಬ್ರಿಟಿಷರು ಗುಂಡಿನ ಮಳೆಗರೆದಾಗ, ಸಿದ್ಧತೆಯಿಲ್ಲದ ಅದರ ಮುಖ್ಯಸ್ಥ ಜೇಮ್ಸ್ ಬ್ಯಾರನ್ ಬಾವುಟ ಇಳಿಸಿದ್ದ. ಅವನನ್ನು ಐದು ವರ್ಷ ಅಮಾನತು ಮಾಡಿದ ಸೇನಾ ನ್ಯಾಯಾಲಯದಲ್ಲಿ ಡಿಕೇಟರ್ ಸಹ ಕೂತಿದ್ದ. ಬ್ಯಾರನ್ 1812ರ ಯುದ್ಧಕಾಲವನ್ನೆಲ್ಲ ಹೊರದೇಶದಲ್ಲಿ ಕಳೆದು, ಮುಗಿದ ಮೇಲೆ ಬಂದು ಕೆಲಸ ಕೇಳಿದಾಗ ಡಿಕೇಟರ್ ಒಪ್ಪಲಿಲ್ಲ. ಆದರೆ 1815ರ ಜನವರಿಯಲ್ಲಿ, ಬೆನ್ನಟ್ಟಿದ ಬ್ರಿಟಿಷ್ ನೌಕೆಗಳಿಗೆ ತನ್ನ ‘ಪ್ರೆಸಿಡೆಂಟ್’ ನೌಕೆಯನ್ನು ಅವನೂ ಒಪ್ಪಿಸಬೇಕಾಗಿತ್ತು. ಹೋರಾಡಿ ಸೋತನೆಂದು ದೇಶ ಅವನನ್ನು ಗೌರವದಿಂದಲೇ ಕಂಡಿತು. ಆ ಸಂಕಟ ಉಂಡವನು ಬ್ಯಾರನ್ ವಿಷಯದಲ್ಲಿ ಒಂದಿಷ್ಟು ಮೆತ್ತಗಾಗಬಹುದಿತ್ತು.

ಕಾಗದಗಳಲ್ಲಿ ಶುರುವಾದ ಜಗಳ ದ್ವಂದ್ವಯುದ್ಧಕ್ಕೆ ಮುಟ್ಟಿತು. 1820ರ ಮಾರ್ಚ್ 22ರಂದು ವಾಷಿಂಗ್ಟನ್ ಸಮೀಪದ ಬ್ಲೇಡನ್ಸ್‌ಬರ್ಗ್‌ನಲ್ಲಿ ಇಬ್ಬರೂ ಎದುರಾದರು. ಬ್ಯಾರನ್‌ಗೆ ಕಣ್ಣು ಮಂದವಾದ್ದರಿಂದ ನಡುವಿನ ಅಂತರ ಎಂಟೇ ಹೆಜ್ಜೆ. ಕೊಲ್ಲುವ ಮನಸ್ಸಿಲ್ಲದ ಡಿಕೇಟರ್ ಸೊಂಟದ ಕೆಳಕ್ಕೆ ಗುರಿಯಿಟ್ಟ. ಇಬ್ಬರಿಗೂ ಗುಂಡು ತಗಲಿತು. ಅಧ್ಯಕ್ಷರ ನಿವಾಸದ ಹತ್ತಿರವೇ ಕಟ್ಟಿಸಿದ್ದ ಹೊಸ ಮನೆಗೆ ಡಿಕೇಟರನನ್ನು ಹೊತ್ತು ತಂದರು. ಆ ರಾತ್ರಿಯೇ ಪ್ರಾಣ ಹೋಯಿತು. ವಯಸ್ಸು 41. ಬ್ಯಾರನ್ ಗುಣಮುಖನಾಗಿ ನೌಕಾಪಡೆಯ ಕೆಲಸಕ್ಕೆ ಮರಳಿದ, 1851ರವರೆಗೂ ಬದುಕಿದ್ದ.